ತಡವಾಗದ ಯಂತ್ರ: ವೇದಿಕೆಯ ಸಂಗೀತಕ್ಕೆ ಲ್ಯಾಪ್‌ಟಾಪ್ ಆಯ್ಕೆಯ ಮಾನದಂಡಗಳು

ಕಂಪ್ಯೂಟರ್ ಅಂಗಡಿಯ ಫಲಕದಲ್ಲಿರುವ ಅಂಕಿಗಳೆಲ್ಲ ಯಂತ್ರದ ಅತ್ಯುತ್ತಮ ಗಳಿಗೆಯನ್ನು ಹೇಳುತ್ತವೆ. ಪ್ರೊಸೆಸರ್ ಗರಿಷ್ಠ ಎಷ್ಟು ಗಿಗಾಹರ್ಟ್ಸ್‌ಗೆ ಏರುತ್ತದೆ, ವಿಡಿಯೊ ಸಂಕಲನವನ್ನು ಎಷ್ಟು ಬೇಗ ಮುಗಿಸುತ್ತದೆ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಅಲ್ಲಿ ಸಿಗುತ್ತದೆ. ವೇದಿಕೆಯ ಮೇಲೆ ಕೂತ ಸಂಗೀತಗಾರರಿಗೆ ಬೇಕಾದ ಅಂಕಿ ಆ ಫಲಕದಲ್ಲಿ ಇರುವುದೇ ಇಲ್ಲ. ಅವರಿಗೆ ಬೇಕಾದದ್ದು ಯಂತ್ರದ ಅತಿ ಕೆಟ್ಟ ಗಳಿಗೆ ಎಷ್ಟು ಕೆಟ್ಟದ್ದು ಎಂಬ ಲೆಕ್ಕ. ವಿಡಿಯೊ ಸಿದ್ಧವಾಗುವುದು ಮೂರು ಸೆಕೆಂಡು ತಡವಾದರೆ ಯಾರ ಗಮನಕ್ಕೂ ಬಾರದು. ಕಛೇರಿಯ ನಡುವೆ ಧ್ವನಿಯ ಒಂದು ತುಣುಕು ಮೂರು ಮಿಲಿಸೆಕೆಂಡು ತಡವಾದರೆ ಸ್ಪೀಕರ್‌ನಲ್ಲಿ ‘ಚಟ್’ ಎಂದು ಕೇಳಿಸುತ್ತದೆ, ಸಭೆಯೆಲ್ಲ ತಿರುಗಿ ನೋಡುತ್ತದೆ. ಲ್ಯಾಪ್‌ಟಾಪ್ ಆಯ್ಕೆಯ ಪ್ರತಿಯೊಂದು ಅಂಶವನ್ನೂ ಈ ಒಂದೇ ಅಳತೆಗೋಲಿನಿಂದ ನೋಡಬೇಕು ಎಂಬುದು ಈ ಲೇಖನದ ವಾದ.

ಒಳಗೆ ನಡೆಯುವುದು ಹೀಗೆ. ಕಂಪ್ಯೂಟರ್ ಧ್ವನಿಯನ್ನು ಸೆಕೆಂಡಿಗೆ 48,000 ಮಾದರಿಗಳಾಗಿ ಲೆಕ್ಕ ಹಾಕುತ್ತದೆ ಎಂದಿಟ್ಟುಕೊಳ್ಳೋಣ. ಒಂದೊಂದನ್ನೇ ಕಳಿಸದೆ, ಸಾಮಾನ್ಯವಾಗಿ 128 ಮಾದರಿಗಳ ಕಟ್ಟು ಮಾಡಿ ಹೊರಗೆ ಕೊಡುತ್ತದೆ. ಆ ಕಟ್ಟಿಗೆ ಬಫರ್ ಎಂದು ಹೆಸರು. ಒಂದು ಕಟ್ಟು ನುಡಿದು ಮುಗಿಯಲು 2.67 ಮಿಲಿಸೆಕೆಂಡು ಸಾಕು. ಅಷ್ಟರೊಳಗೆ ಮುಂದಿನ ಕಟ್ಟು ಸಿದ್ಧವಾಗಿರಬೇಕು. ಅಂದರೆ ಸೆಕೆಂಡಿಗೆ 375 ಗಡುವು, ಎರಡು ಗಂಟೆಯ ಕಛೇರಿಯಲ್ಲಿ 27 ಲಕ್ಷ ಗಡುವು. ನೂರಕ್ಕೆ 99.99ರಷ್ಟು ಗಡುವುಗಳನ್ನು ಪಾಲಿಸುವ ಯಂತ್ರವನ್ನು ಬೇರಾವ ಕೆಲಸದಲ್ಲಾದರೂ ಮೆಚ್ಚಬಹುದು. ಈ ಕೆಲಸದಲ್ಲಿ ಅದು 270 ಸಲ ಎಡವಿದಂತೆ.

ಈ ಗಡುವು ಕಂಪ್ಯೂಟರ್ ಸಂಗೀತದೊಡನೆ ಹುಟ್ಟಿದ್ದಲ್ಲ. 1957ರಲ್ಲಿ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ ಐಬಿಎಂ 704 ಯಂತ್ರದಲ್ಲಿ 17 ಸೆಕೆಂಡುಗಳ ಒಂದು ರಚನೆಯನ್ನು ಹೊರಡಿಸಿದಾಗ ಲೆಕ್ಕ ಮೊದಲು ಮುಗಿಯುತ್ತಿತ್ತು, ಕೇಳುವುದು ಆಮೇಲೆ. ತಡವೆಂಬ ಮಾತಿಗೇ ಅಲ್ಲಿ ಅರ್ಥವಿರಲಿಲ್ಲ. 1978ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ‘ಲೀಗ್ ಆಫ್ ಆಟೊಮ್ಯಾಟಿಕ್ ಮ್ಯೂಸಿಕ್ ಕಂಪೋಸರ್ಸ್’ ಎಂಬ ಗುಂಪು ಒಂದು ಕಿಲೊಬೈಟ್ ನೆನಪಿನ ಕಿಮ್-1 ಸರ್ಕ್ಯೂಟ್ ಹಲಗೆಗಳನ್ನು ತಂತಿಗಳಿಂದ ಜೋಡಿಸಿ ಸಭೆಯ ಮುಂದೆ ನುಡಿಸಿತು. ಯುರೋಪಿನಲ್ಲಿ ನಡೆದದ್ದು ಇದರ ತದ್ವಿರುದ್ಧ. 1981ರಲ್ಲಿ ಸಂಗೀತ ರಚನಕಾರ ಪಿಯರ್ ಬುಲೆಜ್ ಅವರ ‘ರೆಪೋನ್’ ಕೃತಿ ಮೊದಲ ಸಲ ಪ್ರದರ್ಶನಗೊಂಡಾಗ ಧ್ವನಿಯನ್ನು ಆಗಿಂದಾಗ ಪರಿವರ್ತಿಸಿದ್ದು ಪ್ಯಾರಿಸ್‌ನ ಇರ್ಕಾಮ್ ಸಂಸ್ಥೆಯಲ್ಲಿ ಜುಸೆಪ್ಪೆ ದಿ ಜುನ್ಯೊ ಕಟ್ಟಿದ್ದ 4ಎಕ್ಸ್ ಎಂಬ ಭಾರಿ ಯಂತ್ರ. ಅದೇ ಸಂಸ್ಥೆಯಲ್ಲಿ ಮಿಲರ್ ಪಕೆಟ್ 1980ರ ದಶಕದ ನಡುವೆ ಬರೆದ ತಂತ್ರಾಂಶಕ್ಕೆ ಮ್ಯಾಥ್ಯೂಸ್ ಅವರ ಗೌರವಾರ್ಥ ‘ಮ್ಯಾಕ್ಸ್’ ಎಂದು ಹೆಸರಾಯಿತು. 1997ರಲ್ಲಿ ಅದಕ್ಕೆ ಎಂಎಸ್‌ಪಿ ಎಂಬ ಭಾಗ ಕೂಡಿದ ಮೇಲೆ, ವಿಶೇಷ ಯಂತ್ರಾಂಶವಿಲ್ಲದ ಮಾಮೂಲಿ ಮ್ಯಾಕಿಂಟೋಷ್ ತಾನೇ ಧ್ವನಿಯನ್ನು ಲೆಕ್ಕ ಹಾಕುವಂತಾಯಿತು. ಬರ್ಲಿನ್‌ನ ಮೊನೊಲೇಕ್ ಜೋಡಿ, ಗೆರ್ಹಾರ್ಡ್ ಬೇಲೆಸ್ ಮತ್ತು ರಾಬರ್ಟ್ ಹೆಂಕೆ, ತಮ್ಮ ಪ್ರದರ್ಶನಗಳಿಗೆಂದು ಮ್ಯಾಕ್ಸ್‌ನಲ್ಲೇ ಸಲಕರಣೆಗಳನ್ನು ಕಟ್ಟಿಕೊಳ್ಳುತ್ತಿದ್ದರು. ಆ ಅನುಭವದಿಂದಲೇ 2001ರಲ್ಲಿ ಏಬಲ್ಟನ್ ಲೈವ್ ಎಂಬ ತಂತ್ರಾಂಶ ಬಂತು. ಮರುವರ್ಷ ಕ್ರಾಫ್ಟ್‌ವೆರ್ಕ್ ತಂಡ ತನ್ನ ಸ್ಟುಡಿಯೊವನ್ನೇ ವೇದಿಕೆಗೆ ಹೊರುವುದನ್ನು ಬಿಟ್ಟು ಲ್ಯಾಪ್‌ಟಾಪ್‌ಗಳ ಮುಂದೆ ನಿಂತಿತು. ಕಪಾಟಿನಷ್ಟಿದ್ದ ಯಂತ್ರದ ಕೆಲಸ ಇಪ್ಪತ್ತು ವರ್ಷಗಳಲ್ಲಿ ತೊಡೆಯ ಮೇಲಕ್ಕೆ ಬಂದಿತ್ತು. ಆದರೆ 4ಎಕ್ಸ್ ಧ್ವನಿಗೆಂದೇ ಹುಟ್ಟಿದ ಯಂತ್ರ, ಲ್ಯಾಪ್‌ಟಾಪ್ ಹಾಗಲ್ಲ. ಧ್ವನಿ ಅದರ ನೂರು ಕೆಲಸಗಳಲ್ಲಿ ಒಂದು, ಉಳಿದ ತೊಂಬತ್ತೊಂಬತ್ತೂ ಅದರ ಪ್ರತಿಸ್ಪರ್ಧಿಗಳು.

ಎಷ್ಟು ತಡವನ್ನು ಕೈ ಮತ್ತು ಕಿವಿ ಸಹಿಸುತ್ತವೆ? ಬರ್ಕ್ಲಿಯ ಡೇವಿಡ್ ವೆಸೆಲ್ ಮತ್ತು ಮ್ಯಾಥ್ಯೂ ರೈಟ್ 2002ರ ಒಂದು ಪ್ರಬಂಧದಲ್ಲಿ, ಕೈ ಆಡಿದ ಮೇಲೆ ಧ್ವನಿ ಬರಲು 10 ಮಿಲಿಸೆಕೆಂಡು ಮೀರಬಾರದು, ಆ ತಡದ ಏರಿಳಿತ 1 ಮಿಲಿಸೆಕೆಂಡು ದಾಟಬಾರದು ಎಂದು ಮಿತಿ ಹಾಕಿದರು. ಎರಡನೆಯ ಷರತ್ತೇ ಹೆಚ್ಚು ಬೆಲೆಯುಳ್ಳದ್ದು. ಸ್ಪೀಕರ್‌ನಿಂದ ಮೂರು ಮೀಟರ್ ದೂರ ಕೂತರೆ ಧ್ವನಿ ಗಾಳಿಯಲ್ಲಿ ಬರುವುದಕ್ಕೇ ಸುಮಾರು 9 ಮಿಲಿಸೆಕೆಂಡು ಬೇಕು. ಅದು ಬದಲಾಗದ ತಡವಾದ್ದರಿಂದ ವಾದಕರ ಕೈ ಅದಕ್ಕೆ ಹೊಂದಿಕೊಳ್ಳುತ್ತದೆ. ಒಮ್ಮೆ 4, ಒಮ್ಮೆ 14 ಆಗುವ ತಡಕ್ಕೆ ಯಾವ ಕೈಯೂ ಹೊಂದಿಕೊಳ್ಳದು.

ನಮ್ಮ ತಾಳವಾದ್ಯಗಳಿಗೆ ಈ ಮಿತಿ ಇನ್ನೂ ಬಿಗಿ. ನಿಮಿಷಕ್ಕೆ 80 ಅಕ್ಷರಗಳ ಗತಿಯ ಆದಿತಾಳದಲ್ಲಿ ಅಕ್ಷರವೊಂದಕ್ಕೆ ಎಂಟು ಪೆಟ್ಟು ಬಿದ್ದರೆ ಪೆಟ್ಟಿನಿಂದ ಪೆಟ್ಟಿಗೆ 94 ಮಿಲಿಸೆಕೆಂಡು ಅಂತರ. ಬಫರ್ ಅನ್ನು 1024ಕ್ಕೆ ಏರಿಸಿದರೆ ಅದರ ಪಾಲೇ 21 ಮಿಲಿಸೆಕೆಂಡು, ಅಂತರದ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಸ್ಟುಡಿಯೊದಲ್ಲಿ ಧ್ವನಿಗಳನ್ನು ಬೆರೆಸುವವರಿಗೆ 1024 ಸುಖವಾದ ಆಯ್ಕೆ. ಖಂಜಿರದ ನಾದವನ್ನು ಲ್ಯಾಪ್‌ಟಾಪ್ ಮೂಲಕ ಹಾಯಿಸಿ ನುಡಿಸುವವರಿಗೆ ಅಸಾಧ್ಯ. ಪ್ರಿನ್ಸ್‌ಟನ್‌ನಲ್ಲಿ ಅಜಯ್ ಕಪೂರ್ ಮತ್ತು ಪೆರಿ ಕುಕ್ ಮೊದಲಾದವರು 2002ರಲ್ಲಿ ವಿದ್ಯುನ್ಮಾನ ತಬಲಾ ನಿಯಂತ್ರಕವನ್ನು ರೂಪಿಸಿದಾಗ ಎದುರಾದ ಕಷ್ಟವೂ ಇದೇ ಬಗೆಯದು: ಬೆರಳುಗಳ ವೇಗಕ್ಕೆ ಯಂತ್ರ ಸಮನಾಗಬೇಕಿತ್ತು. ಧ್ವನಿ ಒಳಗೆ ಬಂದು ಹೊರಹೋಗುವಾಗ ಬಫರ್ ಎರಡು ಸಲ ಎಣಿಕೆಗೆ ಬರುತ್ತದೆಂಬುದನ್ನೂ ಮರೆಯಬಾರದು. 128ರ ಬಫರ್‌ನಲ್ಲಿ ಅದು 5.3 ಮಿಲಿಸೆಕೆಂಡು, ಪರಿವರ್ತಕ ಮತ್ತು ಡ್ರೈವರ್‌ಗಳ ಪಾಲು ಸೇರಿದರೆ ಹತ್ತರ ಅಂಚಿಗೆ ಬರುತ್ತದೆ. ಹಾಗಾಗಿ ‘128ರಲ್ಲಿ ಎರಡು ಗಂಟೆ ಎಡವದೆ ನಡೆಯುತ್ತದೆಯೇ’ ಎಂಬುದೇ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ.

ಪ್ರೊಸೆಸರ್ ವಿಷಯದಲ್ಲಿ ಜನರನ್ನು ದಾರಿ ತಪ್ಪಿಸುವುದು ಕೋರ್‌ಗಳ ಸಂಖ್ಯೆ. ಒಂದು ವಾದ್ಯದ ಧ್ವನಿ ಫಿಲ್ಟರ್ ದಾಟಿ, ಎಕೊ ದಾಟಿ, ರಿವರ್ಬ್ ದಾಟಿ ಹೊರಬರಬೇಕು. ಬಾವಿಯಿಂದ ಕೈಯಿಂದ ಕೈಗೆ ಕೊಡ ದಾಟಿಸುವವರ ಸಾಲಿನಂತೆ ಹಿಂದಿನವರು ಕೊಡುವವರೆಗೆ ಮುಂದಿನವರಿಗೆ ಕೆಲಸವಿಲ್ಲ. ಇಂಥ ಸಾಲನ್ನು ಹಲವು ಕೋರ್‌ಗಳಿಗೆ ಹಂಚಲಾಗದು. ಎಂಟು ವಾದ್ಯಗಳಿದ್ದರೆ ಎಂಟು ಸಾಲುಗಳನ್ನು ಹಂಚಬಹುದು, ಆದರೆ ಅತಿ ಉದ್ದದ ಸಾಲೇ ಗಡುವನ್ನು ನಿರ್ಧರಿಸುತ್ತದೆ. ಹದಿನಾರು ಸಾಧಾರಣ ಕೋರ್‌ಗಳಿಗಿಂತ ನಾಲ್ಕೇ ಚುರುಕು ಕೋರ್‌ಗಳು ವೇದಿಕೆಯಲ್ಲಿ ಮೇಲು. ಈಗಿನ ಪ್ರೊಸೆಸರ್‌ಗಳಲ್ಲಿ ವೇಗದ ಕೋರ್‌ಗಳೂ ವಿದ್ಯುತ್ ಉಳಿಸುವ ಕೋರ್‌ಗಳೂ ಒಟ್ಟಿಗೆ ಇರುತ್ತವೆ. 2020ರಲ್ಲಿ ಬಂದ ಆ್ಯಪಲ್ ಎಂ1ರಲ್ಲಿ ನಾಲ್ಕು ನಾಲ್ಕು. ಧ್ವನಿಯ ಕೆಲಸ ತಪ್ಪಿ ನಿಧಾನದ ಕೋರ್‌ಗೆ ಹೋದರೆ ಗಡುವು ತಪ್ಪುತ್ತದೆ. ಆದ್ದರಿಂದ ತಾವು ಬಳಸುವ ತಂತ್ರಾಂಶ ಆ ಪ್ರೊಸೆಸರನ್ನು ಅಧಿಕೃತವಾಗಿ ಬೆಂಬಲಿಸುತ್ತದೆಯೇ ಎಂದು ನೋಡದೆ ಕೊಳ್ಳುವುದು ಅವಿವೇಕ.

ಬಿಸಿ ಇನ್ನೊಂದು ಶತ್ರು. ಒಳಗಿನ ಉಷ್ಣತೆ ಮಿತಿ ಮುಟ್ಟಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ, ಗಡುವು ಮಾತ್ರ ಹಾಗೇ ಇರುತ್ತದೆ. ಫ್ಯಾನ್ ಇಲ್ಲದ ಲ್ಯಾಪ್‌ಟಾಪ್‌ಗಳು ನಿಶ್ಶಬ್ದ ಸಭಾಂಗಣದ ವೀಣಾವಾದನಕ್ಕೆ ವರ. ದೀರ್ಘ ಹೊರೆಯಲ್ಲಿ ಅವೇ ಮೊದಲು ವೇಗ ಇಳಿಸುತ್ತವೆ. ಮ್ಯಾಕ್‌ಬುಕ್‌ಗಳು ಕೆಲಸ ಮಾಡಬೇಕಾದ ಸುತ್ತಲಿನ ಉಷ್ಣತೆ 10ರಿಂದ 35 ಡಿಗ್ರಿ ಸೆಲ್ಸಿಯಸ್ ಎಂದು ಆ್ಯಪಲ್ ಹೇಳುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳ ಬಯಲು ವೇದಿಕೆಯಲ್ಲಿ, ಅದರಲ್ಲೂ ದೀಪಗಳ ಕೆಳಗೆ, ಆ ಮಿತಿ ಕಾರ್ಯಕ್ರಮ ಶುರುವಾಗುವ ಮೊದಲೇ ಮುಗಿದಿರುತ್ತದೆ. ಇಲ್ಲಿಯ ಕಲಾವಿದರು ತೆಳ್ಳಗಿನ ಚೆಂದಕ್ಕಿಂತ ದಪ್ಪಗಿದ್ದರೂ ಗಾಳಿಯಾಡುವ ಮೈಯನ್ನು ಆರಿಸಿಕೊಳ್ಳುವುದೇ ಸರಿ.

ಆದರೂ ಎಷ್ಟೋ ‘ಚಟ್’ಗಳಿಗೆ ಪ್ರೊಸೆಸರ್ ಕಾರಣವೇ ಅಲ್ಲ. ವಿಂಡೋಸ್‌ನಲ್ಲಿ ವೈಫೈ, ಗ್ರಾಫಿಕ್ಸ್, ಬ್ಯಾಟರಿ ನಿರ್ವಹಣೆಯ ಡ್ರೈವರ್‌ಗಳು ಉಳಿದೆಲ್ಲವನ್ನೂ ತಡೆದು ಕೆಲವು ಮಿಲಿಸೆಕೆಂಡು ಪ್ರೊಸೆಸರನ್ನು ಹಿಡಿದುಕೊಳ್ಳಬಲ್ಲವು. ಬೆಲೆಬಾಳುವ ಗೇಮಿಂಗ್ ಲ್ಯಾಪ್‌ಟಾಪ್ ಎಡವಿ, ಅರ್ಧ ಬೆಲೆಯದು ನಿರಾಳವಾಗಿ ನಡೆಯುವುದಕ್ಕೆ ಇದೇ ಕಾರಣ. ಲೇಟೆನ್ಸಿಮಾನ್ ಎಂಬ ತಂತ್ರಾಂಶ ಯಾವ ಡ್ರೈವರ್ ಎಷ್ಟು ಹೊತ್ತು ತಡೆಯಿತು ಎಂಬುದನ್ನು ಹೆಸರು ಸಹಿತ ತೋರಿಸುತ್ತದೆ. ಹಿಂತಿರುಗಿಸುವ ಅವಕಾಶವಿರುವ ಕಡೆ ಕೊಂಡು, ಮೊದಲ ವಾರವೇ ಅದನ್ನು ಒಂದೆರಡು ಗಂಟೆ ಓಡಿಸಿ ನೋಡುವುದು ಯಾವ ವಿಮರ್ಶೆಯನ್ನು ಓದುವುದಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಆಸಿಯೊ ವ್ಯವಸ್ಥೆ ವಿಂಡೋಸ್‌ನ ಹೊರೆಯ ಒಂದಷ್ಟನ್ನು ತಪ್ಪಿಸುತ್ತದೆ. ಮ್ಯಾಕ್‌ನಲ್ಲಿ ಧ್ವನಿಯನ್ನು ನಿರ್ವಹಿಸುವ ಕೋರ್ ಆಡಿಯೊ, ಕಾರ್ಯಾಚರಣ ವ್ಯವಸ್ಥೆಯ ಅಂಗವೇ ಆಗಿರುವುದರಿಂದ ಸಂಗೀತಗಾರರ ಒಲವು ಅತ್ತ ವಾಲಿದ್ದು ಆಕಸ್ಮಿಕವಲ್ಲ. ಲಿನಕ್ಸ್‌ನಲ್ಲಿ ಹೊರಗಿನ ತೇಪೆಯಾಗಿ ಬಹುಕಾಲ ಉಳಿದಿದ್ದ ರಿಯಲ್‌ಟೈಮ್ ಸೌಕರ್ಯ 2024ರ 6.12ನೇ ಆವೃತ್ತಿಯಲ್ಲಿ ಮೂಲ ಕರ್ನಲ್‌ಗೆ ಸೇರಿತು.

ಸಂಗ್ರಹದ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ: ತಿರುಗುವ ಹಾರ್ಡ್‌ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್ ವೇದಿಕೆಗೆ ಬೇಡ. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಬ್ರೆಂಡನ್ ಗ್ರೆಗ್ ಡಿಸ್ಕ್‌ಗಳ ಸಾಲಿನ ಮುಂದೆ ನಿಂತು ಕಿರುಚಿದಾಗ ಅವುಗಳ ಪ್ರತಿಕ್ರಿಯೆ ನಿಧಾನವಾದದ್ದು ಪರದೆಯ ಮೇಲೆ ಕಾಣಿಸಿತು. ಅದಕ್ಕಿಂತ ಸೋಜಿಗದ ಪ್ರಸಂಗವನ್ನು ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ 2022ರಲ್ಲಿ ಬರೆದರು. ಜಾನೆಟ್ ಜಾಕ್ಸನ್ ಅವರ 1989ರ ‘ರಿದಮ್ ನೇಷನ್’ ನುಡಿಸಿದರೆ ವಿಂಡೋಸ್ ಎಕ್ಸ್‌ಪಿ ಕಾಲದ ಕೆಲವು ಲ್ಯಾಪ್‌ಟಾಪ್‌ಗಳು ನಿಂತುಹೋಗುತ್ತಿದ್ದವು. ಪಕ್ಕದಲ್ಲಿ ಸುಮ್ಮನಿದ್ದ ಇನ್ನೊಂದು ಲ್ಯಾಪ್‌ಟಾಪ್ ಕೂಡ ನಿಂತಿತು! ಹಾಡಿನಲ್ಲಿದ್ದ ಒಂದು ಆವರ್ತನ, ನಿಮಿಷಕ್ಕೆ 5400 ಸುತ್ತುಗಳ ಡಿಸ್ಕ್‌ನ ಸಹಜ ಕಂಪನಕ್ಕೆ ಹೊಂದಿ ಅದನ್ನು ಅಲ್ಲಾಡಿಸುತ್ತಿತ್ತು. ತಯಾರಕರು ಆ ಆವರ್ತನವನ್ನು ಸೋಸುವ ಫಿಲ್ಟರನ್ನೇ ಧ್ವನಿಯ ಹಾದಿಯಲ್ಲಿ ಇಡಬೇಕಾಯಿತು. ಸಂಗೀತವೇ ಯಂತ್ರವನ್ನು ಕೆಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಸಿಗಲಾರದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲದ್ದರಿಂದ ಆ ಭಯವಿಲ್ಲ. ರ‍್ಯಾಮ್ 16 ಗಿಗಾಬೈಟ್ ಬಹುತೇಕರಿಗೆ ಸಾಕು. ದೊಡ್ಡ ವಾದ್ಯವೃಂದಗಳ ಸ್ಯಾಂಪಲ್‌ಗಳನ್ನು ತುಂಬಿಕೊಳ್ಳುವವರಿಗೆ 32 ಬೇಕು. ಮದರ್‌ಬೋರ್ಡಿಗೇ ಬೆಸೆದುಬಂದ ರ‍್ಯಾಮನ್ನು ಆಮೇಲೆ ಹೆಚ್ಚಿಸಲಾಗದು ಎಂಬುದು ಕೊಳ್ಳುವ ದಿನವೇ ನೆನಪಿರಬೇಕು.

ತಂತಿಗಳನ್ನು ಸಿಕ್ಕಿಸುವ ಕಿಂಡಿಗಳ (ಪೋರ್ಟ್‌ಗಳ) ವಿಷಯದಲ್ಲೂ ಅಂಕಿಗಳ ಮೋಹ ಇದೆ. 24 ಬಿಟ್‌ನ 18 ಚಾನೆಲ್ ಧ್ವನಿಗೆ ಸೆಕೆಂಡಿಗೆ 21 ಮೆಗಾಬಿಟ್ ಬೇಕು. 2000ದಲ್ಲಿ ಬಂದ ಯುಎಸ್‌ಬಿ 2.0 ಹೆಸರಿಗೆ 480 ಮೆಗಾಬಿಟ್ ಹೊರುತ್ತದೆ. ಕೊರತೆ ಇರುವುದು ವೇಗದಲ್ಲಲ್ಲ, ಕಿಂಡಿಗಳ ಸಂಖ್ಯೆ ಮತ್ತು ವಿದ್ಯುತ್ತಿನಲ್ಲಿ. ಎರಡೇ ಕಿಂಡಿಗಳಿದ್ದು, ಒಂದು ಚಾರ್ಜರ್‌ಗೆ ಹೋದರೆ ಆಡಿಯೊ ಇಂಟರ್‌ಫೇಸ್, ಕೀಬೋರ್ಡ್, ಪೆಡಲ್ ಎಲ್ಲವೂ ಒಂದು ಅಗ್ಗದ ಹಬ್‌ಗೆ ಜೋತುಬೀಳುತ್ತವೆ. ಇಂಟರ್‌ಫೇಸ್ ಮಾತ್ರ ನೇರವಾಗಿ ಲ್ಯಾಪ್‌ಟಾಪ್‌ಗೇ ಸೇರಬೇಕು.

ಚಾರ್ಜರ್ ಹಾಕಿದಾಗ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುವುದು ನಮ್ಮಲ್ಲಿ ಹಲವರಿಗೆ ಗೊತ್ತು. ಭೂಸಂಪರ್ಕವಿಲ್ಲದ ಎರಡು ಪಿನ್ನಿನ ಅಡಾಪ್ಟರ್‌ನಿಂದ ಸೋರುವ ಆ ಅಲ್ಪ ವಿದ್ಯುತ್ತು ಧ್ವನಿಯ ತಂತಿಗೂ ನುಗ್ಗಿ ಗುಂಯ್‌ಗುಡುತ್ತದೆ. ಮದುವೆ ಚಪ್ಪರಗಳಲ್ಲಿ, ಊರ ಜಾತ್ರೆಗಳಲ್ಲಿ ಅರ್ಥಿಂಗ್ ಸರಿಯಿರುವ ಭರವಸೆ ಕಡಿಮೆ. ಆ ಸದ್ದನ್ನು ತಡೆಯುವ, ಟ್ರಾನ್ಸ್‌ಫಾರ್ಮರ್ ಇರುವ ಡಿಐ ಪೆಟ್ಟಿಗೆಯೊಂದನ್ನು ಲ್ಯಾಪ್‌ಟಾಪ್‌ನ ಬೆಲೆಯ ಭಾಗವೆಂದೇ ಲೆಕ್ಕ ಹಾಕಬೇಕು. ಬ್ಯಾಟರಿಯಲ್ಲಿ ನುಡಿಸುತ್ತೇವೆಂದರೆ, ಪ್ಲಗ್ ತೆಗೆದೊಡನೆ ವೇಗ ತಗ್ಗಿಸುವ ಲ್ಯಾಪ್‌ಟಾಪ್‌ಗಳು ಬಹಳ ಇವೆ. ಹಾಗಾಗಿ ಪರೀಕ್ಷೆಯನ್ನು ಎರಡೂ ಸ್ಥಿತಿಯಲ್ಲಿ ಮಾಡಬೇಕು.

ಹೊಸ ಯಂತ್ರ ಕೊಳ್ಳುವುದೆಂದರೆ ಅದರೊಡನೆ ಬರುವ ಕಾರ್ಯಾಚರಣ ವ್ಯವಸ್ಥೆಯನ್ನೂ ಕೊಂಡಂತೆ. 2019ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಕ್‌ಒಎಸ್ ಕ್ಯಾಟಲಿನಾ 32 ಬಿಟ್ ತಂತ್ರಾಂಶಗಳನ್ನು ಕೈಬಿಟ್ಟಾಗ, ವರ್ಷಗಟ್ಟಲೆ ಕಛೇರಿ ನಡೆಸಿದ ಎಷ್ಟೋ ಹಳೆಯ ವಾದ್ಯ ಪ್ಲಗಿನ್‌ಗಳು ತೆರೆಯಲೇ ಇಲ್ಲ. ಬೆಂಗಳೂರಿನ ರೇಡೆಲ್ ಕಂಪನಿಯ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯನ್ನು ಇಲ್ಲಿ ನೆನೆಯಬಹುದು. ಅದಕ್ಕೆ ಒಂದೇ ಕೆಲಸ, ಶ್ರುತಿ ಹಿಡಿಯುವುದು. ಅದಕ್ಕೆ ಅಪ್‌ಡೇಟ್ ಇಲ್ಲ, ಕರೆ ಬರುವುದಿಲ್ಲ, ಪರದೆ ಮಲಗುವುದಿಲ್ಲ. ಕರ್ನಾಟಕ ಸಂಗೀತದ ವೇದಿಕೆ ಅದನ್ನು ನಂಬಿದ್ದು ಈ ಗುಣಕ್ಕೇ. ಲ್ಯಾಪ್‌ಟಾಪನ್ನೂ ಆ ಸ್ಥಿತಿಯ ಹತ್ತಿರಕ್ಕೆ ತರಬಹುದು: ಕಛೇರಿಗೆಂದೇ ಪ್ರತ್ಯೇಕ ಯಂತ್ರ, ಅದರಲ್ಲಿ ಇಮೇಲ್ ಇಲ್ಲ, ವೈಫೈ ಆರಿಸಿದ್ದು, ಅಪ್‌ಡೇಟ್ ತಡೆದದ್ದು.

ಪ್ರಿನ್ಸ್‌ಟನ್‌ನಲ್ಲಿ ಡ್ಯಾನ್ ಟ್ರೂಮನ್ ಮತ್ತು ಪೆರಿ ಕುಕ್ 2005ರಲ್ಲಿ ಲ್ಯಾಪ್‌ಟಾಪ್ ವಾದ್ಯವೃಂದವನ್ನು ಕಟ್ಟಿದಾಗ ಮಾಡಿದ್ದೂ ಇಂಥದೇ. ಪ್ರತಿ ವಾದಕರಿಗೂ ಒಂದೇ ಬಗೆಯ ಲ್ಯಾಪ್‌ಟಾಪ್, ಒಂದೇ ಬಗೆಯ ಅರ್ಧಗೋಳಾಕಾರದ ಸ್ಪೀಕರ್. ಧ್ವನಿ ದೂರದ ಗೋಪುರದಿಂದ ಬರದೆ ವಾದಕರ ಪಕ್ಕದಿಂದಲೇ ಹೊಮ್ಮಬೇಕೆಂಬುದು ಅವರ ಆಸೆ. ಮೂರು ವರ್ಷಗಳ ಬಳಿಕ ಸ್ಟ್ಯಾನ್‌ಫರ್ಡ್‌ನಲ್ಲಿ ಗೆ ವಾಂಗ್ ಅವರ ತಂಡ ಐಕಿಯಾ ಅಂಗಡಿಯ ಸಲಾಡ್ ಬಟ್ಟಲುಗಳಿಂದ ಅಂಥದೇ ಸ್ಪೀಕರ್‌ಗಳನ್ನು ಮಾಡಿತು. ಯಂತ್ರಗಳೆಲ್ಲ ಒಂದೇ ಬಗೆಯವಾಗಿದ್ದರೆ ಒಂದರಲ್ಲಿ ಕಂಡ ದೋಷಕ್ಕೆ ಎಲ್ಲದರಲ್ಲೂ ಒಂದೇ ಪರಿಹಾರ, ಒಂದು ಕೆಟ್ಟರೆ ಇನ್ನೊಂದು ಅದರ ಜಾಗಕ್ಕೆ ಬರುತ್ತದೆ.

ದೊಡ್ಡ ವೇದಿಕೆಗಳು ಈ ತತ್ವವನ್ನೇ ನೆಚ್ಚಿವೆ. ಎರಡು ಲ್ಯಾಪ್‌ಟಾಪ್‌ಗಳು ಒಂದೇ ಕಾರ್ಯಕ್ರಮವನ್ನು ಜೊತೆಜೊತೆಗೆ ನಡೆಸುತ್ತವೆ; ಸಭೆಗೆ ಕೇಳದ ಒಂದು ಚಾನೆಲ್‌ನಲ್ಲಿ ಮೊದಲನೆಯದು ಸದಾ ಒಂದು ಸಂಕೇತ ಸ್ವರ ಕಳಿಸುತ್ತಿರುತ್ತದೆ. ಅದು ನಿಂತ ಕ್ಷಣವೇ ಸ್ವಿಚ್ ಪೆಟ್ಟಿಗೆ ಎರಡನೆಯದಕ್ಕೆ ದಾಟಿಸುತ್ತದೆ. ರೇಡಿಯಲ್ ಎಸ್‌ಡಬ್ಲ್ಯು8, ಐಕನೆಕ್ಟಿವಿಟಿಯ ಪ್ಲೇಆಡಿಯೊ12 ಈ ಕೆಲಸದ ಸಲಕರಣೆಗಳು. ಸಣ್ಣ ತಂಡಗಳಿಗೆ ಅಷ್ಟೆಲ್ಲ ಬೇಡ, ಮಿಕ್ಸರ್‌ನ ಎರಡು ಚಾನೆಲ್ ಮತ್ತು ಒಂದು ಬೆರಳು ಸಾಕು. ಹಾಗಾಗಿ ಕೈಯಲ್ಲಿರುವ ಹಣಕ್ಕೆ ಇತ್ತೀಚಿನ ದುಬಾರಿ ಮಾದರಿಯ ಒಂದು ಲ್ಯಾಪ್‌ಟಾಪ್ ಬರುವುದಾದರೆ, ಅದೇ ಹಣದಲ್ಲಿ ಎರಡು ಮೂರು ವರ್ಷ ಹಳೆಯದಾದ, ಡ್ರೈವರ್‌ಗಳು ಪಳಗಿದ, ಒಂದೇ ಮಾದರಿಯ ಎರಡು ಲ್ಯಾಪ್‌ಟಾಪ್‌ಗಳನ್ನು ಕೊಳ್ಳುವುದೇ ವೇದಿಕೆಯವರಿಗೆ ಸೂಕ್ತ. ಎರಡರಲ್ಲೂ ಒಂದೇ ಕಡತ, ಒಂದೇ ಆವೃತ್ತಿ, 128ರ ಬಫರ್ ಇಟ್ಟು, ಚಪ್ಪರದ ಬಿಸಿಯಲ್ಲೇ ಪೂರ್ತಿ ಎರಡು ಗಂಟೆಯ ತಾಲೀಮು ನಡೆಸಿ ಒಂದೂ ‘ಚಟ್’ ಬಾರದಿದ್ದರೆ ಆಯ್ಕೆ ಮುಗಿದಂತೆ.