ಚೆಲುವಿ: ದೂರದರ್ಶನಕ್ಕೆ ಬಂದ ಅಜ್ಜಿಕತೆ

ನಿರ್ದೇಶನ: ಗಿರೀಶ್ ಕಾರ್ನಾಡ್, 1992
ಭಾಷೆ: ಹಿಂದಿ
ಸಂಗೀತ: ಭಾಸ್ಕರ್ ಚಂದಾವರ್ಕರ್
ಛಾಯಾಗ್ರಹಣ: ರಾಜೀವ್ ಮೆನನ್

ದೂರದರ್ಶನಕ್ಕಾಗಿ ತಯಾರಾದ ಈ ಚಿತ್ರದ ಬೇರು ಇರುವುದು ಕನ್ನಡದ ಹೆಣ್ಣುಮಕ್ಕಳು ಮನೆಯೊಳಗೆ ಹೇಳಿಕೊಂಡು ಬಂದ ಒಂದು ಜನಪದ ಕತೆಯಲ್ಲಿ. ಅದನ್ನು ಸಂಗ್ರಹಿಸಿ ಲೋಕಕ್ಕೆ ಪರಿಚಯಿಸಿದವರು ಎ.ಕೆ. ರಾಮಾನುಜನ್. ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಅಜ್ಜಿಯ ಬಾಯಿಂದ ಕತೆ ಕೇಳಿ ಬೆಳೆದವರಿಗೆ ಇದರ ಧಾಟಿ ಹೊಸದಲ್ಲ.

ಬಡವರ ಮನೆಯ ಹುಡುಗಿಯೊಬ್ಬಳಿಗೆ ಹೂಮರವಾಗುವ ಶಕ್ತಿ ಇದೆ. ಹೂ ಮಾರಿ ಮನೆ ನಡೆಯುತ್ತದೆ, ಹೂವಿನ ಪರಿಮಳದ ಜಾಡು ಹಿಡಿದು ಸಿರಿವಂತರ ಮನೆಯ ಸಂಬಂಧವೂ ಬರುತ್ತದೆ. ಆದರೆ ಆಟಕ್ಕೆಂದು ಅವಳನ್ನು ಮರವಾಗಿಸಿದ ಮಕ್ಕಳು ಕೊಂಬೆ ಮುರಿದುಬಿಡುತ್ತಾರೆ. ಜನಪದ ಕತೆಯಲ್ಲಿ ಗಂಡ ಅವಳನ್ನು ಮತ್ತೆ ಪೂರ್ಣ ಹೆಣ್ಣಾಗಿಸುತ್ತಾನೆ. ಕಾರ್ನಾಡರು ಆ ಸುಖಾಂತ್ಯವನ್ನು ಒಪ್ಪಲಿಲ್ಲ. ಕತೆಗೆ ಕಾಡಿನ ನೋವನ್ನು ತಂದುಕೊಟ್ಟ ಆ ನಿರ್ಧಾರವೇ ಚಿತ್ರದ ದೊಡ್ಡ ಬಲ.

ಗಮನಿಸಿ: ನೀರಿನ ಕೊಡಗಳು ಎರಡು. ಒಂದನ್ನು ಸುರಿದರೆ ಹುಡುಗಿ ಮರವಾಗುತ್ತಾಳೆ, ಇನ್ನೊಂದನ್ನು ಸುರಿದರೆ ಮರ ಹುಡುಗಿಯಾಗುತ್ತದೆ. ನೀರು ಸುರಿಯುವ ಕೈ ಯಾರದು, ಹೂ ಕೊಯ್ಯುವಾಗ ಆ ಕೈ ಎಷ್ಟು ಮೆತ್ತಗಿದೆ ಎಂಬುದನ್ನು ಪ್ರತಿ ಸಲವೂ ನೋಡಿ.

ನಾಯಕಿ ಸೋನಾಲಿ ಕುಲಕರ್ಣಿಗೆ ಇದು ಮೊದಲ ಚಿತ್ರ. ಪರಿಸರ ಸಂರಕ್ಷಣೆಯ ಅತ್ಯುತ್ತಮ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಇದೇ ಕತೆಯನ್ನು ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಒಪೆರಾ ಆಗಿಸಿದರು. ಅದರ ಮೊದಲ ಪ್ರದರ್ಶನ 2006ರಲ್ಲಿ ವಿಯೆನ್ನಾದಲ್ಲಿ ನಡೆಯಿತು.