ರಾಜಿ ಯಾರದು?

ಅರಬ್ಬಿಯಲ್ಲಿ ‘ರಾಜಿ’ ಎಂದರೆ ಮನಸಾರೆ ಒಪ್ಪಿದವನು. ಪಾರಸಿಯ ‘ನಾಮೆ’ ಎಂದರೆ ಬರಹ. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲಕ್ಕೆ ರೈತ ಭೂಮಿ ಬಿಡುವಾಗ ಬರೆದುಕೊಡುತ್ತಿದ್ದದ್ದು ‘ರಾಜೀನಾಮೆ’. ಮನಸಾರೆ ಬಿಡುವುದೂ ವಿಧಿಯಿಲ್ಲದೆ ಬಿಡುವುದೂ ಆ ಒಂದೇ ಹೆಸರಿನ ಕಾಗದದಲ್ಲಿ ಸೇರಿಹೋದವು. ‘ರಾಜಿ’ಗೂ ಅದೇ ಗತಿ ಬಂದಿದೆ. ಬಲವಿದ್ದವನು ಆಡಿದರೆ ಅದು ಸಲಹೆ, ಬಲವಿಲ್ಲದವನ ಕಿವಿಗೆ ಬಿದ್ದರೆ ಆಜ್ಞೆ.

ತೆಂಗಿನಗುಂಡಿಯಂಥ ಬಂದರಿನಲ್ಲಿ ರಾಜಿ ಬೇಡವೆನ್ನಲು ನನಗೆ ಮನಸ್ಸಿಲ್ಲ. ಯಾರೋ ಬೇಕೆಂದೇ ಬಲೆ ಹರಿದರೆ ನಾಡದೋಣಿಯವನಿಗೆ ಮೊದಲು ಬೇಕಾದದ್ದು ಬಲೆ. ಠಾಣೆಗೆ ಹೋದರೆ ಮೊಕದ್ದಮೆ ಸರ್ಕಾರದ್ದಾಗುತ್ತದೆ, ಬಲೆ ಕಳೆದುಕೊಂಡವನು ಅದರಲ್ಲೊಬ್ಬ ಸಾಕ್ಷಿ. ದಂಡದ ಹಣದಲ್ಲಿ ಪರಿಹಾರ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ, ಆದರೆ ತೀರ್ಪಿನವರೆಗೆ ಒಲೆ ಉರಿಯಬೇಕಲ್ಲ! ಊರ ಹತ್ತು ಜನರ ಮುಂದೆ ತಪ್ಪೊಪ್ಪಿ ಬಲೆ ಕಟ್ಟಿಕೊಟ್ಟರೆ ನಾಳೆ ಅದೇ ದಕ್ಕೆಯಲ್ಲಿ ಮುಖ ನೋಡಿ ಮಾತಾಡಬಹುದು. 1974ರಲ್ಲಿ ಕೆನಡಾದ ಎಲ್ಮಿರಾದಲ್ಲಿ 22 ಕಡೆ ಆಸ್ತಿ ಹಾಳುಮಾಡಿದ ಇಬ್ಬರು ಹುಡುಗರನ್ನು ನ್ಯಾಯಾಧೀಶರು ನಷ್ಟವಾದವರ ಮನೆಬಾಗಿಲಿಗೇ ಕಳಿಸಿದ್ದರು. ಹುಡುಗರು ನಷ್ಟ ತುಂಬಿಕೊಟ್ಟರು. ಹಾನಿ ಸರಿಪಡಿಸುವುದನ್ನೇ ಮುಂದಿಡುವ ಈ ಬಗೆಯ ನ್ಯಾಯದ ಚರಿತ್ರೆಯನ್ನು ಬರೆಯುವವರು ಆ ಪ್ರಕರಣವನ್ನು ಬಿಡುವುದಿಲ್ಲ.

ಆದರೆ ಮುಖ ನೋಡಿ ಮಾತಾಡುವುದಕ್ಕೂ ಬಾಯಿ ಮುಚ್ಚಿಸುವುದಕ್ಕೂ ನಡುವಿನ ಗೆರೆ ತೆಳು. ಏಟು ತಿಂದ ಹೆಂಗಸಿಗೆ ‘ರಾಜಿ ಮಾಡ್ಕೊ, ಮನೆ ಮರ್ಯಾದೆ’ ಎನ್ನುವವರು ಅವಳು ಒಪ್ಪಿದಳೋ ಇಲ್ಲವೋ ಎಂದು ಕೇಳಿರುವುದೇ ಇಲ್ಲ. ಅತ್ಯಾಚಾರದಲ್ಲಿ ರಾಜಿಯ ಮಾತೇ ಸಲ್ಲದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕಟುವಾಗಿಯೇ ಹೇಳಿತು. ಆ ಕಟುತನ ಬೇಕಿತ್ತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನಲ್ಲಿ ರಾಜಿಯಾಗಬಹುದಾದ ಅಪರಾಧಗಳ ಪಟ್ಟಿಯಿದೆ. ಪ್ರತಿ ಅಪರಾಧದ ಎದುರಿಗೂ ರಾಜಿ ಮಾಡಿಕೊಳ್ಳುವ ಹಕ್ಕು ಯಾರದೆಂದು ಬರೆದಿದೆ. ಸಾಮಾನ್ಯ ಪೆಟ್ಟಿಗೆ ಪೆಟ್ಟು ತಿಂದವರು, ಕಳವಿಗೆ ವಸ್ತುವಿನ ಒಡೆಯರು, ಖಾಸಗಿಯವರ ನಷ್ಟಕ್ಕೆ ನಷ್ಟವಾದವರು. ಕೆಲವಕ್ಕೆ ನ್ಯಾಯಾಲಯದ ಅನುಮತಿಯೂ ಬೇಕು. ಊರ ಮುಖಂಡರು ಆ ಪಟ್ಟಿಯಲ್ಲಿಲ್ಲ, ಪೊಲೀಸರೂ ಇಲ್ಲ. ಒಮ್ಮೆ ರಾಜಿಯಾದರೆ ಆರೋಪಿ ಖುಲಾಸೆ, ಹಿಂದಿರುಗುವ ದಾರಿಯಿಲ್ಲ.

ಪಂಚಾಯ್ತಿಗೆ ಕೂರುವ ಹಿರಿಯರೇ, ನೊಂದವರು ಮೊದಲು ಮಾತಾಡಲಿ. ‘ಒಲ್ಲೆ’ ಎಂದರೆ ಅಲ್ಲಿಗೇ ನಿಲ್ಲಿಸಿ. ಒತ್ತಾಯ ಬಂದವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯಡಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ.