ತಂದೆಯ ನಂತರದ ಪಿಂಚಣಿ

ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ದುಡಿದವನು ತೀರಿಕೊಂಡರೆ ಅವನ ಪಿಂಚಣಿ ಯಾರದು? 1952ರ ಭವಿಷ್ಯನಿಧಿ ಕಾಯಿದೆಯು ಕೂಡಿಟ್ಟ ಹಣವನ್ನು ಒಮ್ಮೆಗೇ ಮನೆಯವರಿಗೆ ಒಪ್ಪಿಸುತ್ತಿತ್ತು. 1971ರಲ್ಲಿ ಕುಟುಂಬ ಪಿಂಚಣಿ ಬಂದಿತು. 1995ರ ನವೆಂಬರ್ 16ರ ಯೋಜನೆಯು ಮಕ್ಕಳಿಗೂ ಪ್ರತ್ಯೇಕ ಪಾಲನ್ನಿತ್ತಿತು: ವಿಧವೆಯ ಜೊತೆಗೆ ಇಬ್ಬರು ಮಕ್ಕಳಿಗೆ, 25 ವರ್ಷ ತುಂಬುವವರೆಗೆ, ಆಕೆಯ ಪಿಂಚಣಿಯ ತಲಾ ಕಾಲುಭಾಗ, ತಾಯಿಯೂ ಇಲ್ಲವಾದರೆ ತಲಾ ಮುಕ್ಕಾಲು ಭಾಗ.

ಆದರೆ 20ಕ್ಕಿಂತ ಕಡಿಮೆ ಜನ ದುಡಿಯುವ ಸಂಸ್ಥೆಗಳನ್ನು ಈ ಕಾಯಿದೆ ಸಾಮಾನ್ಯವಾಗಿ ಮುಟ್ಟಲಿಲ್ಲ. ಮೊಳಕಾಲ್ಮೂರಿನಲ್ಲಿ ಮನೆಯ ಮಗ್ಗದಲ್ಲೇ ರೇಷ್ಮೆ ಸೀರೆ ನೇಯುವವರ ಮಕ್ಕಳು ಅದರ ಹೊರಗೇ ಉಳಿದರು.

ನಿಮ್ಮ ಮನೆಯಲ್ಲಿ ಭವಿಷ್ಯನಿಧಿಗೆ ಸೇರಿದವರಿದ್ದರೆ, ದಾಖಲೆಯಲ್ಲಿ ಮಕ್ಕಳ ಹೆಸರಿದೆಯೇ ಎಂದು ಇಂದೇ ನೋಡಿರಿ. ಹಕ್ಕಿದ್ದೂ ಹೆಸರಿಲ್ಲದ ಮಗು ಕಚೇರಿಯ ಬಾಗಿಲಲ್ಲಿ ಕಾಯಬೇಕಾದೀತು.